ಹಾಲು ಬತ್ತಿದ ದಿನಗಳಿಗೂ ರೊಕ್ಕ ಇರಲಿ



ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಂಘದ ಸದಸ್ಯೆಯೊಬ್ಬರ ಮಿಶ್ರತಳಿ ಆಕಳಿಗೆ ಗಬ್ಬ ಪರೀಕ್ಷೆ ಮಾಡಿದ್ದೆ. ಮೂರು ತಿಂಗಳ ಗಬ್ಬ ನಿಂತಿತ್ತು. ಖನಿಜ ಮಿಶ್ರಣ ಹಾಕಿ, ಏಳು ತಿಂಗಳಿಗೆ ಹಾಲು ಬತ್ತಿಸಿ ಎಂದು ಹೇಳಿ ಬಂದೆ. ಐದು ತಿಂಗಳ ನಂತರ ಕಾಲುಬಾಯಿ ಜ್ವರದ ಲಸಿಕೆಗೆ ಅದೇ ಓಣಿಗೆ ಹೋದಾಗ ಗೂಟ ಖಾಲಿ ಇತ್ತು.

"ಆಕಳು ಎಲ್ಲೈತಿ ಅಕ್ಕಾ?"

"ಮಾರಿಬಿಟ್ವಿರಿ ಡಾಕ್ಟ್ರೆ. ಹಾಲು ಬತ್ತಿತ್ತು. ಮಗಳ ಕಾಲೇಜಿಗೆ ಹನ್ನೆರಡು ಸಾವಿರ ಕಟ್ಟಬೇಕಿತ್ತು. ಬರೋ ರೊಕ್ಕ ನಿಂತಿತ್ತು, ಹಿಂಡಿ ಹಾಕೋದು ನಿಂತಿರಲಿಲ್ಲ."

ಮಾರಿದ್ದು 32 ಸಾವಿರಕ್ಕೆ. ಇನ್ನೆರಡು ತಿಂಗಳು ತಡೆದು, ಕರು ಹಾಕಿದ ಮೇಲೆ ಮಾರಿದ್ದರೂ 60 ಸಾವಿರಕ್ಕೆ ಕಡಿಮೆ ಆಗುವ ಆಕಳಲ್ಲ ಅದು. ಮಾರದೇ ಇಟ್ಟುಕೊಂಡಿದ್ದರೆ ಮತ್ತೆ ಹತ್ತು ತಿಂಗಳು ಹಾಲು.

ಇದಕ್ಕಿಂತ ಬೇಸರದ ಸಂಗತಿ ಮುಂದೆ ತಿಳಿಯಿತು. ಸರ್ಕಾರದ ಪ್ರೋತ್ಸಾಹಧನ ತನಗೆ ಬಂದೇ ಇಲ್ಲ ಎಂದು ಆಕೆ ಸಂಘದಲ್ಲಿ ಹೇಳಿದರು. ಕಾರ್ಯದರ್ಶಿಯವರು ವಿಚಾರಿಸಿದಾಗ, ಆಕೆಯ ಆಧಾರ್ ಸಂಖ್ಯೆ ಯಾವತ್ತೋ ತೆರೆದು ಮರೆತಿದ್ದ ಹಳೇ ಖಾತೆಗೆ ಜೋಡಣೆಯಾಗಿತ್ತು. ಆ ಖಾತೆಯಲ್ಲಿ 13 ಸಾವಿರ ಚಿಲ್ಲರೆ ಬಿದ್ದಿತ್ತು. ಕಾಲೇಜಿಗೆ ಬೇಕಾಗಿದ್ದು 12 ಸಾವಿರ. ರೊಕ್ಕ ಇತ್ತು; ಇದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಇದರಲ್ಲಿ ನನ್ನ ತಪ್ಪೂ ಇದೆ. ಗಬ್ಬ ನಿಂತಿದೆ ಎಂದು ಹೇಳಿದ ದಿನ, ಹಾಲು ಬತ್ತಿದ ಮೇಲೆ ಮನೆ ಹೇಗೆ ನಡೆಸುತ್ತೀರಿ ಎಂದು ನಾನು ಕೇಳಲಿಲ್ಲ. ಆಕಳಿನ ಹೊಟ್ಟೆ ಪರೀಕ್ಷೆ ಮಾಡುವುದನ್ನು ಓದಿ ಬಂದಿದ್ದೆ, ಮನೆಯ ಲೆಕ್ಕ ಕೇಳುವುದನ್ನು ಓದಿರಲಿಲ್ಲ. ಈಗ ಗಬ್ಬ ಪರೀಕ್ಷೆ ಮಾಡಿದ ಕಡೆಯಲ್ಲೆಲ್ಲ ಆ ಪ್ರಶ್ನೆ ಕೇಳುತ್ತೇನೆ. ಈ ಸಂಚಿಕೆಯಲ್ಲಿ ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಹಾಲಿನ ರೊಕ್ಕದ ಗುಣ

ನೆಲ್ಲು, ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಸೀಮೆಗೆ ವರ್ಷಕ್ಕೆ ಒಂದೆರಡು ಸಲ ದೊಡ್ಡ ರೊಕ್ಕ ಬರುತ್ತದೆ. ಅದೂ ಕಾಲುವೆ ನೀರು ಮತ್ತು ಮಾರುಕಟ್ಟೆ ದರದ ಮೇಲೆ ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆ ಕೆಳಗಿನ ಊರುಗಳಲ್ಲಿ ನಾಟಿ ಮಾಡಿದವರಿಗೆ ಎಷ್ಟು ದಿನ ನಿದ್ದೆ ಇರಲಿಲ್ಲ ಎಂಬುದು ನಿಮಗೇ ಗೊತ್ತು. ಆ ವಾರವೂ ಸಂಘಕ್ಕೆ ಹಾಲು ಹೋಗಿತ್ತು, ಬಟವಾಡೆ ಆಗಿತ್ತು.

ಹಾಲಿನ ರೊಕ್ಕ ಸಣ್ಣದು, ಆದರೆ ತಪ್ಪದೆ ಬರುತ್ತದೆ. ಸಣ್ಣದಾಗಿ ಬಂದದ್ದು ಸಣ್ಣದಾಗಿಯೇ ಖರ್ಚಾಗಿ ಹೋಗುವುದು ಅದರ ಇನ್ನೊಂದು ಗುಣ. ಬಟವಾಡೆಯ ದಿನ ಕಿರಾಣಿ, ಮೊಬೈಲ್, ಸಂಘದ ಕಂತು, ಸಂಜೆಗೆ ಮುಗಿಯಿತು. ಹಾಲು ಇರುವ 300 ದಿನ ಹೀಗೆ ನಡೆಯುತ್ತದೆ. ಹಾಲು ಬತ್ತಿದ ದಿನಗಳು ಬಂದಾಗ ಸಾಲ ಮಾಡುತ್ತೇವೆ, ಇಲ್ಲವೇ ಆಕಳನ್ನೇ ಮಾರುತ್ತೇವೆ.

ನಾನು ಹೇಳಬೇಕಾದ ಮುಖ್ಯ ಮಾತು ಒಂದೇ: ಹಾಲು ಕೊಡುವ ದಿನದ ರೊಕ್ಕದಲ್ಲಿ ಹಾಲು ಬತ್ತಿದ ದಿನದ ಪಾಲೂ ಸೇರಿದೆ. ಆ ಪಾಲನ್ನು ತೆಗೆದಿಟ್ಟ ಮನೆಯಲ್ಲಿ ಆಕಳು ಎರಡಾಗುತ್ತದೆ, ಮೂರಾಗುತ್ತದೆ. ತೆಗೆದಿಡದ ಮನೆಯಲ್ಲಿ ಒಂದು ಆಕಳೂ ನಿಲ್ಲುವುದಿಲ್ಲ.

ಎಷ್ಟು ತೆಗೆದಿಡಬೇಕು?

ಲೆಕ್ಕ ತಿಳಿಯಲು ಒಂದು ಉದಾಹರಣೆ ಹಾಕೋಣ. ಅಂಕಿಗಳನ್ನು ನಿಮ್ಮ ಕೊಟ್ಟಿಗೆಗೆ ತಕ್ಕಂತೆ ಬದಲಿಸಿಕೊಳ್ಳಿ.

ಒಂದು ಆಕಳು ಒಂದು ಕರುವಿನಿಂದ ಮುಂದಿನ ಕರುವಿಗೆ 14 ತಿಂಗಳು, ಅಂದರೆ ಸುಮಾರು 420 ದಿನ ತೆಗೆದುಕೊಳ್ಳುತ್ತದೆ ಎನ್ನಿ. 300 ದಿನ ಹಾಲು, 120 ದಿನ ಹಾಲಿಲ್ಲ. ಹಾಲಿಲ್ಲದ ದಿನಕ್ಕೂ ಹುಲ್ಲು, ಎರಡು ಕಿಲೋ ಪಶು ಆಹಾರ, ಖನಿಜ ಮಿಶ್ರಣ ಸೇರಿ 100 ರೂಪಾಯಿ ಖರ್ಚು ಹಿಡಿದರೆ, 120 ದಿನಕ್ಕೆ 12,000 ರೂಪಾಯಿ. ಇದು ಆಕಸ್ಮಿಕ ಖರ್ಚಲ್ಲ. ಆಕಳು ಗಬ್ಬ ನಿಂತ ದಿನವೇ ನಮಗೆ ಗೊತ್ತಾಗುವ ಖರ್ಚು.

ಈಗ ಇನ್ನೊಂದು ಕಡೆ ನೋಡಿ. ಅದೇ ಆಕಳು ಸರಾಸರಿ ದಿನಕ್ಕೆ 10 ಲೀಟರ್ ಕೊಟ್ಟರೆ, ಲೀಟರಿಗೆ 5 ರೂಪಾಯಿಯಂತೆ ಸರ್ಕಾರದ ಪ್ರೋತ್ಸಾಹಧನ ದಿನಕ್ಕೆ 50 ರೂಪಾಯಿ. 300 ದಿನಕ್ಕೆ 15,000 ರೂಪಾಯಿ. ಹಾಲು ಬತ್ತಿದ ದಿನಗಳ 12,000 ಕಳೆದರೂ 3,000 ಉಳಿಯಿತು. ಆಕಳಿನ ವಿಮೆಗೆ, ಜಂತುನಾಶಕಕ್ಕೆ ಅದು ನೆರವಾಗುತ್ತದೆ.

ಆದ್ದರಿಂದ ನನ್ನ ಸಲಹೆ ಸರಳ. ಹಾಲಿನ ಬಟವಾಡೆಯಲ್ಲಿ ಮನೆ ನಡೆಸಿ. ಪ್ರೋತ್ಸಾಹಧನ ಬೀಳುವ ಖಾತೆಯನ್ನು ಆಕಳಿನ ಖಾತೆ ಎಂದು ಬಿಟ್ಟುಬಿಡಿ. ಅದು ಕೆಲವೊಮ್ಮೆ ತಡವಾಗಿ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ. ಹೇಗೂ ದಿನದ ಖರ್ಚಿಗೆ ಅದನ್ನು ನಂಬುವಂತಿಲ್ಲ, ಎತ್ತಿಡುವುದಕ್ಕೆ ಮಾತ್ರ ಅದು ಬಹಳ ಒಳ್ಳೆಯದು.

ಅದಕ್ಕೂ ಮೊದಲು, ನಿಮ್ಮ ಆಧಾರ್ ಯಾವ ಬ್ಯಾಂಕಿನ ಖಾತೆಗೆ ಜೋಡಣೆಯಾಗಿದೆ ಎಂದು ಖಚಿತ ಮಾಡಿಕೊಳ್ಳಿ. ಸರ್ಕಾರದ ನೇರ ನಗದು ಹಣ ಹೋಗುವುದು ಆ ಖಾತೆಗೇ, ನೀವು ದಿನಾ ಬಳಸುವ ಖಾತೆಗಲ್ಲ. ಎರಡು ಮೂರು ಖಾತೆ ಇರುವವರು ಎಲ್ಲ ಪಾಸ್ ಬುಕ್ ಹಿಡಿದು ಬ್ಯಾಂಕಿಗೆ ಹೋಗಿ ನಮೂದು ಮಾಡಿಸಿ ಬನ್ನಿ.

ಕುರುಗೋಡಿನ ನೋಟ್ ಬುಕ್

ಕುರುಗೋಡು ಹತ್ತಿರದ ಒಬ್ಬ ರೈತರು ಮಗನ ಹಳೇ ಶಾಲಾ ನೋಟ್ ಬುಕ್ಕಿನಲ್ಲಿ ಪ್ರತಿ ಆಕಳಿಗೆ ಒಂದು ಪುಟ ಇಟ್ಟಿದ್ದಾರೆ. ತಾರೀಖು, ಎರಡು ಹೊತ್ತಿನ ಹಾಲು, ಕೊಂಡು ತಂದ ಮೇವು-ಹಿಂಡಿಯ ಖರ್ಚು, ಬೆದೆಗೆ ಬಂದ ಮತ್ತು ಕೃತಕ ಗರ್ಭಧಾರಣೆ ಮಾಡಿಸಿದ ದಿನ. ನಾಲ್ಕೇ ಕಲಂ. ಮೂರು ತಿಂಗಳು ಬರೆದ ಮೇಲೆ ಅವರೇ ನನ್ನನ್ನು ಕರೆದರು.

ಅವರ ಮೂರು ಆಕಳುಗಳಲ್ಲಿ ಒಂದು ಕರು ಹಾಕಿ 20 ತಿಂಗಳಾಗಿತ್ತು, ಗಬ್ಬ ಇರಲಿಲ್ಲ, ದಿನಕ್ಕೆ ಮೂರು ಲೀಟರ್ ಕೊಡುತ್ತಿತ್ತು. ಲೀಟರಿಗೆ 35 ರೂಪಾಯಿ ಹಿಡಿದರೆ 105 ರೂಪಾಯಿ. ಅದು ತಿನ್ನುತ್ತಿದ್ದುದು 160 ರೂಪಾಯಿಯದು. ದಿನಕ್ಕೆ 55 ರೂಪಾಯಿ ನಷ್ಟ, ತಿಂಗಳಿಗೆ 1,650. ಉಳಿದೆರಡು ಆಕಳು ದುಡಿದದ್ದನ್ನು ಇದು ತಿನ್ನುತ್ತಿತ್ತು. ಮೂರರ ಹಾಲನ್ನೂ ಒಂದೇ ಕ್ಯಾನಿಗೆ ಸುರಿದು ಸಂಘಕ್ಕೆ ಹಾಕುವಾಗ ಇದು ಕಾಣುವುದೇ ಇಲ್ಲ.

ಪರೀಕ್ಷೆ ಮಾಡಿದೆ. ಗರ್ಭಕೋಶದಲ್ಲಿ ಸೋಂಕಿತ್ತು, ಚಿಕಿತ್ಸೆ ಆಯಿತು, ಮುಂದಿನ ಬೆದೆಯಲ್ಲಿ ಗಬ್ಬ ನಿಂತಿತು. ನಿಲ್ಲದಿದ್ದರೆ ಮಾರಿ ಎಂದೇ ಹೇಳುತ್ತಿದ್ದೆ. ಲೆಕ್ಕ ನೋಡಿ ಮಾರುವುದಕ್ಕೂ ಕಷ್ಟಕ್ಕೆ ಸಿಕ್ಕಿ ಮಾರುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ದರ ನೀವು ಹೇಳುತ್ತೀರಿ, ಎರಡನೆಯದರಲ್ಲಿ ದಲ್ಲಾಳಿ ಹೇಳುತ್ತಾನೆ.

ಬೆದೆಯ ತಾರೀಖು ಬರೆಯುವುದು ಏಕೆ ಮುಖ್ಯ? ಒಂದು ಬೆದೆ ತಪ್ಪಿದರೆ ಮುಂದಿನದಕ್ಕೆ 21 ದಿನ ಕಾಯಬೇಕು. ಹಾಲಿಲ್ಲದ ದಿನಕ್ಕೆ 100 ರೂಪಾಯಿ ಎಂದರೆ ಒಂದು ಬೆದೆ ತಪ್ಪಿದ್ದಕ್ಕೆ 2,100 ರೂಪಾಯಿ ಹೋಯಿತು. ಬೇಸಿಗೆಯಲ್ಲಿ ಎಮ್ಮೆಗಳ ಬೆದೆ ಮೂಕವಾಗಿರುತ್ತದೆ. ಕೂಗುವುದಿಲ್ಲ, ಲೋಳೆ ಕಡಿಮೆ. ಬೆಳಗಿನ ಜಾವ ಮತ್ತು ರಾತ್ರಿ ಕೊಟ್ಟಿಗೆಯನ್ನು ಒಮ್ಮೆ ನೋಡಿ ಬಂದರೆ ಆ 2,100 ಉಳಿಯುತ್ತದೆ. ಬರೀ ನೆಲ್ಲು ಹುಲ್ಲಿನ ಮೇಲೆ ಸಾಕುವವರು ಇನ್ನೊಂದು ಮಾತು ಗಮನಿಸಿ. ಆ ಹುಲ್ಲಿನಲ್ಲಿ ಪ್ರೋಟೀನ್ ಕಡಿಮೆ, ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಮೈಗೆ ಹತ್ತದಂತೆ ಹಿಡಿದಿಡುತ್ತದೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣಕ್ಕೆ ಆಗುವ ಖರ್ಚು, ಬೆದೆ ತಪ್ಪಿದ ಖರ್ಚಿಗಿಂತ ಯಾವಾಗಲೂ ಕಡಿಮೆ.

ಬಡ್ಡಿಯ ಭಾಷೆ

"ಮೂರು ರೂಪಾಯಿ ಬಡ್ಡಿ" ಎಂಬ ಮಾತು ಕಿವಿಗೆ ಹಗುರ. ನೂರಕ್ಕೆ ತಿಂಗಳಿಗೆ ಮೂರು ಎಂದರೆ ವರ್ಷಕ್ಕೆ ಶೇ 36. ಆಕಳಿನ ಮೇವಿಗೆಂದು 30,000 ತಂದರೆ ವರ್ಷಕ್ಕೆ ಬಡ್ಡಿ 10,800 ರೂಪಾಯಿ. ಬಡ್ಡಿ ಕಟ್ಟದೆ ಅಸಲಿಗೆ ಸೇರುತ್ತ ಹೋದರೆ ಎರಡು ವರ್ಷಕ್ಕೆ ಸಾಲ 60 ಸಾವಿರ ದಾಟುತ್ತದೆ.

ಇದನ್ನು ಬಾಯಲ್ಲೇ ಲೆಕ್ಕ ಹಾಕಲು ಒಂದು ಸುಲಭ ದಾರಿ ಇದೆ. 72ನ್ನು ವರ್ಷದ ಬಡ್ಡಿಯಿಂದ ಭಾಗಿಸಿ. ರೊಕ್ಕ ಎರಡರಷ್ಟಾಗಲು ಸುಮಾರು ಅಷ್ಟು ವರ್ಷ ಬೇಕು. ಶೇ 36ಕ್ಕೆ ಎರಡು ವರ್ಷ, ಶೇ 6ಕ್ಕೆ 12 ವರ್ಷ. ನೀವು ಉಳಿಸಿದ್ದು ಎರಡರಷ್ಟಾಗಲು 12 ವರ್ಷ, ಮಾಡಿದ ಸಾಲ ಎರಡರಷ್ಟಾಗಲು ಎರಡೇ ವರ್ಷ ಎಂದ ಮೇಲೆ, ಕೈಯಲ್ಲಿ ಸ್ವಲ್ಪ ರೊಕ್ಕ ಇದ್ದಾಗ ಮೊದಲು ಮಾಡಬೇಕಾದ ಕೆಲಸ ಯಾವುದು ಎಂದು ಹೇಳಬೇಕಾಗಿಲ್ಲ. ದುಬಾರಿ ಸಾಲ ತೀರಿಸುವುದೇ ಎಲ್ಲಕ್ಕಿಂತ ಲಾಭದ ಉಳಿತಾಯ.

ಬೈಕ್, ಟಿ.ವಿ. ಕಂತಿನ ಸಾಲದಲ್ಲಿ "ಫ್ಲಾಟ್ ಶೇ 12" ಎನ್ನುತ್ತಾರೆ. 50,000ಕ್ಕೆ ಎರಡು ವರ್ಷಕ್ಕೆ 12,000 ಬಡ್ಡಿ ಸೇರಿಸಿ 24 ಕಂತು ಮಾಡುತ್ತಾರೆ. ಪ್ರತಿ ತಿಂಗಳೂ ಅಸಲು ಕಡಿಮೆಯಾಗುತ್ತ ಬಂದರೂ ಬಡ್ಡಿ ಮಾತ್ರ ಪೂರ್ತಿ 50,000ಕ್ಕೇ. ನಿಜವಾದ ಬಡ್ಡಿ ಸುಮಾರು ಶೇ 21-22 ಬೀಳುತ್ತದೆ. "ಉಳಿದ ಅಸಲಿನ ಮೇಲೆ ಬಡ್ಡಿ ಎಷ್ಟು?" ಎಂದು ಕೇಳಿ.

ಹಾಗಾದರೆ ಮೇವಿಗೆ ಸಾಲ ಬೇಕಾದಾಗ ಏನು ಮಾಡಬೇಕು? 2019ರಿಂದ ಪಶುಪಾಲಕರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಸಿಗುತ್ತದೆ. ಮೇವು, ಪಶು ಆಹಾರ, ಚಿಕಿತ್ಸೆಯಂಥ ದಿನದ ಖರ್ಚಿಗೆ 2 ಲಕ್ಷ ರೂಪಾಯಿವರೆಗೆ ಶೇ 7ರ ಬಡ್ಡಿ. ಹೇಳಿದ ದಿನಕ್ಕೆ ತೀರಿಸಿದರೆ ಶೇ 3 ರಿಯಾಯಿತಿ, ಕೈಗೆ ಬೀಳುವುದು ಶೇ 4. ಅದೇ 30,000ಕ್ಕೆ ವರ್ಷಕ್ಕೆ 1,200 ರೂಪಾಯಿ. ಮೂರು ರೂಪಾಯಿ ಬಡ್ಡಿಗೂ ಇದಕ್ಕೂ ವ್ಯತ್ಯಾಸ 9,600. 2025ರ ಜನವರಿ 1ರಿಂದ ಇಂಥ ಸಾಲಕ್ಕೆ 2 ಲಕ್ಷದವರೆಗೆ ಆಸ್ತಿ ಅಡ ಇಡಬೇಕಾಗಿಲ್ಲ. ಆಕಳು ಕೊಳ್ಳುವುದಕ್ಕೆ ಈ ಸಾಲ ಅಲ್ಲ ಎಂಬುದು ನೆನಪಿರಲಿ. ಹಾಲಿನ ಲೆಕ್ಕದ ಪುಸ್ತಕ ಬ್ಯಾಂಕಿನವರಿಗೆ ತೋರಿಸಿದರೆ ನಿಮ್ಮ ಆದಾಯಕ್ಕೆ ಅದೇ ಸಾಕ್ಷಿ.

ವಾರದ ಕಂತಿನ ಕಿರು ಸಾಲಕ್ಕೆ ಸಿಕ್ಕವರಿಗೆ ಒಂದು ಮಾತು. ವಸೂಲಿಗೆ ಬಂದು ಬೈಯುವುದು, ಮನೆ ಮುಂದೆ ಕೂರುವುದು, ಸಾಮಾನು ಎತ್ತಿಕೊಂಡು ಹೋಗುವುದನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಹಾಗೆ ಯಾರಾದರೂ ಮಾಡಿದರೆ ಹೆದರಿ ಆಕಳು ಬಿಚ್ಚಿ ಕೊಡಬೇಡಿ, ಪೊಲೀಸ್ ಠಾಣೆಗೆ ಹೋಗಿ.

ಎತ್ತಿಟ್ಟ ರೊಕ್ಕ ಎಲ್ಲಿಡಬೇಕು?

ಬಳ್ಳಾರಿ ನಗರದ ಅಂಚಿನಲ್ಲಿ ಆಕಳು ಕಟ್ಟಿ ಹಾಲು ಹಾಕುವ ಒಬ್ಬರು ವಯಸ್ಸಾಯಿತೆಂದು ಎರಡು ಆಕಳು ಮಾರಿ, ಬಂದ 80 ಸಾವಿರವನ್ನು ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಕೊಡುತ್ತೇವೆಂದ ಒಂದು ಖಾಸಗಿ ಫೈನಾನ್ಸಿನಲ್ಲಿ ಇಟ್ಟರು. ಏಳು ತಿಂಗಳು ಬಡ್ಡಿ ಬಂತು. ಎಂಟನೇ ತಿಂಗಳು ಷಟರ್ ಎಳೆದಿತ್ತು. ಕಷ್ಟಪಟ್ಟು ಉಳಿಸಿದವರೇ ಹೀಗೆ ಕಳೆದುಕೊಳ್ಳುವುದನ್ನು ನೋಡುವುದು ಸಂಕಟ.

ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು-ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. 2020ರ ಫೆಬ್ರವರಿಗೆ ಮೊದಲು ಇದು 1 ಲಕ್ಷ ಇತ್ತು. ಸರ್ಕಾರಿ, ಖಾಸಗಿ, ಗ್ರಾಮೀಣ ಮತ್ತು ಸಹಕಾರಿ ಬ್ಯಾಂಕುಗಳಿಗೆ ಇದು ಅನ್ವಯ. ಪತ್ತಿನ ಸಹಕಾರ ಸಂಘ, ಸೌಹಾರ್ದ ಪತ್ತಿನ ಸಹಕಾರಿ, ಖಾಸಗಿ ಫೈನಾನ್ಸ್, ಚೀಟಿ ಇವಕ್ಕೆ ಈ ವಿಮೆ ಇಲ್ಲ. ಅಲ್ಲಿ ಒಳ್ಳೆಯವೂ ಇವೆ. ಆದರೆ ಹಾಲು ಬತ್ತಿದ ದಿನಕ್ಕೆಂದು ಇಟ್ಟ ರೊಕ್ಕವನ್ನು ವಿಮೆ ಇರುವ ಕಡೆ ಇಡುವುದೇ ಲೇಸು. ಬೇರೆಯವರಿಗಿಂತ ಬಹಳ ಹೆಚ್ಚು ಬಡ್ಡಿ ಕೊಡುತ್ತೇನೆ ಎನ್ನುವವನಿಗೆ ನಿಮ್ಮ ಅಸಲಿನ ಮೇಲೆ ಕಣ್ಣಿದೆ ಎಂದು ತಿಳಿಯಿರಿ.

ದೂರದ ಖರ್ಚಿಗೆ, ಅಂದರೆ ಮಕ್ಕಳ ಓದು ಅಥವಾ ಇನ್ನೊಂದು ಆಕಳಿಗೆ ಅಂಚೆ ಕಚೇರಿಯ ಆರ್.ಡಿ. ಒಳ್ಳೆಯದು. ಶೇ 6.7ರ ಬಡ್ಡಿಯಲ್ಲಿ ತಿಂಗಳಿಗೆ 500 ರೂಪಾಯಿ ಐದು ವರ್ಷ ಕಟ್ಟಿದರೆ, ಕಟ್ಟಿದ್ದು 30,000, ಕೈಗೆ ಬರುವುದು ಸುಮಾರು 35,600.

ಕರುವೇ ನಿಮ್ಮ ಚಕ್ರಬಡ್ಡಿ

ಬ್ಯಾಂಕಿನ ಬಡ್ಡಿಗಿಂತ ಚೆನ್ನಾಗಿ ಬೆಳೆಯುವ ಆಸ್ತಿ ನಿಮ್ಮ ಕೊಟ್ಟಿಗೆಯಲ್ಲೇ ಇದೆ. ಅದು ಹೆಣ್ಣುಗರು. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು, ಸಮಯಕ್ಕೆ ಜಂತುನಾಶಕ, ಕರುವಿನ ಆಹಾರ ಕೊಟ್ಟು ಸಾಕಿದ ಮಿಶ್ರತಳಿ ಕರು ಎರಡೂವರೆ ವರ್ಷಕ್ಕೆ ತಾನೇ ಕರು ಹಾಕುತ್ತದೆ. ಹಾಲೆಲ್ಲ ಸಂಘಕ್ಕೆ ಹಾಕಿ ಕರುವನ್ನು ಒಣಗಿಸಿದರೆ ಮೂರೂವರೆ ವರ್ಷವಾದರೂ ಬೆದೆಗೆ ಬರುವುದಿಲ್ಲ. ಅಲ್ಲಿ ಕಳೆದದ್ದು ಒಂದು ವರ್ಷದ ಹಾಲು. ಕರುವಿನ ಬಾಯಿಂದ ತಪ್ಪಿಸಿದ ಒಂದೆರಡು ಲೀಟರಿನ ಆಸೆಗೆ ಅದು ತೀರ ದುಬಾರಿ.

ಈ ಆಸ್ತಿಗೆ ಒಂದು ಅಪಾಯ ಇದೆ, ಅದು ಸಾಯಬಹುದು. 2022ರ ಚರ್ಮಗಂಟು ರೋಗದಲ್ಲಿ ಒಂದೇ ಆಕಳಿದ್ದು ಅದನ್ನೂ ಕಳೆದುಕೊಂಡವರ ಮನೆ ಮುಂದೆ ನಿಲ್ಲಲು ನನಗೆ ಆಗುತ್ತಿರಲಿಲ್ಲ. ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಯ ವಿಮೆಯಲ್ಲಿ ರೈತರ ಪಾಲನ್ನು 2024ರಲ್ಲಿ ಪ್ರೀಮಿಯಂನ ಶೇ 15ಕ್ಕೆ ಇಳಿಸಲಾಗಿದೆ; ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕಟ್ಟುತ್ತವೆ. ಸಂಘದಲ್ಲಿ ಅಥವಾ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಕಿವಿ ಓಲೆ ಬಿದ್ದುಹೋದರೆ ಅಂದೇ ತಿಳಿಸಿ ಮತ್ತೆ ಹಾಕಿಸಿ. ಓಲೆ ಇಲ್ಲದ ಆಕಳಿನ ಪರಿಹಾರ ಸಿಗುವುದು ಕಷ್ಟ. ಆಕಳು ಸತ್ತರೆ ಹೂಳುವ ಮೊದಲು ವಿಮಾ ಕಂಪನಿಗೂ ನಮಗೂ ತಿಳಿಸಿ. ಮರಣೋತ್ತರ ಪರೀಕ್ಷೆ ಆಗಬೇಕು.

ಆಕಳನ್ನು ಸಾಕುವವರಿಗೂ ವಿಮೆ ಬೇಕಲ್ಲವೇ? ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಬಂದರೆ ಕುಟುಂಬಕ್ಕೆ 2 ಲಕ್ಷ. 18ರಿಂದ 70 ವರ್ಷದವರು ಸೇರಬಹುದು. ಅರ್ಧ ಲೀಟರ್ ಹಾಲಿನ ರೊಕ್ಕ ಅದು.

ಮುಂದಿನ ಬಟವಾಡೆಯಿಂದ

ಎಲ್ಲವನ್ನೂ ಒಟ್ಟಿಗೆ ಮಾಡಲಾಗದು. ಮೊದಲ ವಾರ ಪಾಸ್ ಬುಕ್‌ಗಳನ್ನು ನಮೂದು ಮಾಡಿಸಿ, ಪ್ರೋತ್ಸಾಹಧನ ಎಲ್ಲಿ ಬೀಳುತ್ತಿದೆ ನೋಡಿ. ಎರಡನೇ ವಾರ ಒಂದು ನೋಟ್ ಬುಕ್ ಶುರು ಮಾಡಿ, ಓದುವ ಮಗಳ ಕೈಗೆ ಕೊಟ್ಟರೆ ಇನ್ನೂ ಒಳ್ಳೆಯದು. ಮೂರನೇ ವಾರ ಇರುವ ಸಾಲಗಳ ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತಿರುಗಿಸಿ ಬರೆದು, ದುಬಾರಿಯದನ್ನು ಮೊದಲು ತೀರಿಸುವ ದಾರಿ ಹುಡುಕಿ. ನಾಲ್ಕನೇ ವಾರ ಕಿವಿ ಓಲೆ ಮತ್ತು ವಿಮೆ ವಿಚಾರಿಸಿ. ಬ್ಯಾಂಕುಗಳ ಆರ್ಥಿಕ ಸಾಕ್ಷರತಾ ಕೇಂದ್ರದವರನ್ನು ಸಂಘದ ಸಭೆಗೆ ಕರೆಸಬಹುದು. ನಿಮ್ಮ ಕಾರ್ಯದರ್ಶಿಯವರನ್ನು ಕೇಳಿ.

ಸಿರುಗುಪ್ಪದ ಆ ಅಕ್ಕನ ಮನೆಯಲ್ಲಿ ಮಾರಿದ ಆಕಳಿನ ಹಿಂದಿನ ಸೂಲಿನ ಹೆಣ್ಣುಗರು ಉಳಿದಿತ್ತು. ಹೋದ ತಿಂಗಳು ಅದಕ್ಕೆ ಗಬ್ಬ ಪರೀಕ್ಷೆ ಮಾಡಿದೆ. ನಿಂತಿದೆ. ನಾನು ಕೇಳುವ ಮೊದಲೇ ಆಕೆ ಪಾಸ್ ಬುಕ್ ತಂದು ತೋರಿಸಿದರು. ಹಳೇ ಖಾತೆಯ ರೊಕ್ಕದಲ್ಲಿ 9 ಸಾವಿರ ಹಾಗೇ ಇತ್ತು.

"ಇದು ಆಕಳಿನ ರೊಕ್ಕರಿ ಡಾಕ್ಟ್ರೆ. ಇದನ್ನ ನಾವ್ಯಾರೂ ಮುಟ್ಟಂಗಿಲ್ಲ."

ನಿಮ್ಮ ಊರಿಗೆ ಬಂದಾಗ ನಿಮ್ಮನ್ನೂ ಕೇಳುತ್ತೇನೆ.